ತಂದೆಯ ಬಿಪಿ, ಶುಗರ್, ಹಾರ್ಟ್ ಮಾತ್ರೆಗೆ ತಿಂಗಳಿಗೆ ಐದು ಸಾವಿರ ಆಗುತ್ತಿದೆ, ಕಡಿಮೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ತಂದೆಗೆ 68 ವರ್ಷ, ಬಿಪಿ, ಶುಗರ್ ಎರಡೂ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೀರಿ. ಮಾತ್ರೆಗೇ ತಿಂಗಳಿಗೆ ಐದು ಸಾವಿರ ಹೋಗುತ್ತಿದೆ. ಸರ್ಕಾರದ ಜನೌಷಧಿ ಅಂಗಡಿಯ ಕಡಿಮೆ ಬೆಲೆಯ ಮಾತ್ರೆ ನಂಬಬಹುದಾ, ಬೇರೆ ದಾರಿ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ನಾನು ಫಾರ್ಮಸಿಸ್ಟ್. ಹಾಸನದ ಕಡೆಯ ಸಣ್ಣ ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಬಿಲ್ ಎಷ್ಟಾಗುತ್ತೆ ಅಂತ ಕೇಳಿ, "ಹಾಗಾದ್ರೆ ಹತ್ತೇ ದಿನದ್ದು ಕೊಡಿ" ಅನ್ನುವವರನ್ನು ನೋಡುತ್ತಲೇ ಇರುತ್ತೇನೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಯಾಕೆಂದರೆ ಅವರಲ್ಲಿ ಬಹಳ ಜನ ಅಷ್ಟು ದುಡ್ಡು ಕೊಡಬೇಕಾದ ಅಗತ್ಯವೇ ಇಲ್ಲ. ನಿಮ್ಮ ತಂದೆಯಂಥವರ ಬಿಲ್ಲನ್ನು ಎಷ್ಟೋ ಸಲ ಅರ್ಧಕ್ಕೆ ಇಳಿಸಬಹುದು. ಆದರೆ ಆ ಕೆಲಸ ಆಗಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಅಲ್ಲ, ಡಾಕ್ಟರ ಟೇಬಲ್ ಮುಂದೆ.

ಯಾಕೆ ಅಂತ ಹೇಳುತ್ತೇನೆ. ಚೀಟಿಯಲ್ಲಿ ಡಾಕ್ಟರ್ ಒಂದು ಬ್ರ್ಯಾಂಡ್ ಹೆಸರು ಬರೆದಿದ್ದಾರೆ ಅಂದುಕೊಳ್ಳಿ. "ಇದೇ ಮಾತ್ರೆ ಬೇರೆ ಕಂಪನಿಯದ್ದು, ಕಡಿಮೆ ರೇಟಿಂದು ಕೊಡಿ" ಅಂತ ನೀವು ನನ್ನನ್ನು ಕೇಳಿದರೆ, ನಿಯಮದ ಪ್ರಕಾರ ನಾನು ಕೊಡುವಂತಿಲ್ಲ. ಶೆಡ್ಯೂಲ್ ಹೆಚ್ ಪಟ್ಟಿಯ (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬಹುದಾದ) ಔಷಧಗಳಿಗೆ ಅಂಗಡಿಯವನು ಬದಲಿ ಕೊಡಬಾರದು. ಒಳಗಿರುವ ಔಷಧ ಒಂದೇ ಆದರೂ ಕೊಡಬಾರದು. ಬಿಪಿ, ಶುಗರ್, ಹಾರ್ಟ್ ಮಾತ್ರೆ ಹೆಚ್ಚೂಕಡಿಮೆ ಎಲ್ಲವೂ ಅದೇ ಪಟ್ಟಿಯಲ್ಲಿವೆ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರೇ ಇದ್ದರೆ ಈ ತೊಡಕಿಲ್ಲ. ಟೆಲ್ಮಿಸಾರ್ಟಾನ್ 40, ಅಟೋರ್ವಾಸ್ಟಾಟಿನ್ 20, ಕ್ಲೋಪಿಡೋಗ್ರೆಲ್ 75 ಅಂತ ಬರೆದಿದ್ದರೆ ಯಾವ ಕಂಪನಿಯದ್ದು ಬೇಕು ಅಂತ ನೀವೇ ಆರಿಸಬಹುದು.

ವೈದ್ಯರು ಔಷಧದ ಹೆಸರನ್ನೇ, ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಅನ್ನುವ ಮಾತು ಅವರ ನಡವಳಿಕೆಯ ನಿಯಮದಲ್ಲೇ ಇದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಇನ್ನೂ ಬಿಗಿ ಮಾಡಿ ಹೊಸ ನಿಯಮ ತಂದಿತು. ಬ್ರ್ಯಾಂಡ್ ಬರೆಯದಿದ್ದರೆ ಮಾತ್ರೆಯ ಗುಣಮಟ್ಟಕ್ಕೆ ಗ್ಯಾರಂಟಿ ಯಾರು ಕೊಡುತ್ತಾರೆ ಅಂತ ವೈದ್ಯರ ಸಂಘಗಳು ವಿರೋಧಿಸಿದವು. ಅದೇ ತಿಂಗಳು ಆ ನಿಯಮವನ್ನು ತಡೆಹಿಡಿದರು. ಹಾಗಾಗಿ ಈಗ ಕೇಳಬೇಕಾದವರು ನೀವೇ. ಸಂಕೋಚ ಬೇಡ. "ಡಾಕ್ಟ್ರೇ, ಮಾತ್ರೆ ಖರ್ಚು ತಡೆಯೋಕೆ ಆಗ್ತಿಲ್ಲ. ಔಷಧದ ಹೆಸರು ಬರೆದುಕೊಡ್ತೀರಾ? ಯಾವುದನ್ನು ಬದಲಿಸಬಾರದು ಅಂತಲೂ ಹೇಳಿ" ಅಂದರೆ ಸಾಕು. ನಾನು ಕಂಡ ಹೆಚ್ಚಿನ ಡಾಕ್ಟರುಗಳು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ರೋಗಿ ಬಾಯಿಬಿಟ್ಟು ಹೇಳದೆ ಮಾತ್ರೆಯ ರೇಟು ಅವರ ಕಿವಿಗೆ ಬೀಳುವುದೇ ಇಲ್ಲ.

ಒಂದೇ ಮಾತ್ರೆಗೆ ಇಷ್ಟೊಂದು ಬೇರೆ ಬೇರೆ ರೇಟು ಯಾಕೆ ಅನ್ನುವುದನ್ನೂ ಸ್ವಲ್ಪ ತಿಳಿದುಕೊಳ್ಳಿ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಆದರೆ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಆ ಗರಿಷ್ಠ ಬೆಲೆ ತಯಾರಿಕೆಯ ಖರ್ಚಿನ ಮೇಲೆ ನಿಂತಿಲ್ಲ. ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆ ಇಲ್ಲದ ಪಾಲು ಇರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವನ ಪಾಲು ಅಂತ ಶೇ 16 ಸೇರಿಸುತ್ತಾರೆ. ಅಂದರೆ ದುಬಾರಿ ಬ್ರ್ಯಾಂಡ್‌ಗಳ ಬೆಲೆಯೂ ಆ ಲೆಕ್ಕದೊಳಗೆ ಬಂದುಬಿಡುತ್ತದೆ. ಪಟ್ಟಿಯ ಹೊರಗಿನ ಔಷಧಕ್ಕೆ ಕಂಪನಿಯೇ ಬೆಲೆ ಇಡಬಹುದು, ವರ್ಷಕ್ಕೆ ಶೇ 10ರವರೆಗೆ ಏರಿಸಲೂಬಹುದು. ಈ ಪದ್ಧತಿ ರೋಗಿಯ ಪರವಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಔಷಧ ಬೇಕಾದವನು ಚೌಕಾಸಿ ಮಾಡುವ ಸ್ಥಿತಿಯಲ್ಲೇ ಇರುವುದಿಲ್ಲ.

ಈಗ ನಿಮ್ಮ ತಂದೆಯ ಚೀಟಿಗೆ ಬರೋಣ. ಶುಗರ್ ಜೊತೆಗೆ ಹಾರ್ಟ್ ತೊಂದರೆಯೂ ಇರುವುದರಿಂದ ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಇರುವ ಸಾಧ್ಯತೆ ಜಾಸ್ತಿ. ಮೊದಲು ನೋಡಬೇಕಾದದ್ದು ಅದನ್ನೇ. ಅದರ ಪೇಟೆಂಟ್ (ಬೇರೆ ಕಂಪನಿ ತಯಾರಿಸದಂತೆ ತಡೆಯುವ ಹಕ್ಕು) ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. ಪೇಟೆಂಟ್ ಮುಗಿದ ಕೂಡಲೇ ಹತ್ತಾರು ಕಂಪನಿಗಳು ತಯಾರಿಸಿದವು, ಕೆಲವು ಬ್ರ್ಯಾಂಡ್‌ಗಳ ಬೆಲೆ 10 ರೂಪಾಯಿಗಿಂತಲೂ ಕೆಳಗೆ ಬಂತು. 60ರ ಲೆಕ್ಕದಲ್ಲಿ ತಿಂಗಳಿಗೆ 1,800 ಆಗುತ್ತಿದ್ದದ್ದು 300ರ ಒಳಗೆ ಬರುತ್ತದೆ. ಹಳೆಯ ಚೀಟಿಯನ್ನೇ ತೋರಿಸಿ ಹಳೆಯ ಬ್ರ್ಯಾಂಡನ್ನೇ ಒಯ್ಯುವವರಿಗೆ ಇದು ಗೊತ್ತೇ ಆಗಿರುವುದಿಲ್ಲ. ಬೇರೆ ಶುಗರ್ ಮಾತ್ರೆಗಳಾದ ಸಿಟಾಗ್ಲಿಪ್ಟಿನ್‌ದು 2022ರಲ್ಲಿ, ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿದಿದೆ. ಅವುಗಳ ಕಥೆಯೂ ಇದೇ. ಎರಡು ಮೂರು ವರ್ಷದಿಂದ ಬದಲಾಗದ ಚೀಟಿ ಇದ್ದರೆ ಮೊದಲು ಇದನ್ನು ವಿಚಾರಿಸಿ.

ಆಮೇಲೆ ಚೀಟಿಯ ಉದ್ದ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ ಕೊಡುತ್ತಾರೆ, ಆಸ್ಪಿರಿನ್ ಮತ್ತು ಅದರ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್. ಬಹಳ ಜನಕ್ಕೆ ಒಂದು ವರ್ಷದ ಆಸುಪಾಸಿನಲ್ಲಿ ಎರಡರಲ್ಲಿ ಒಂದನ್ನು ನಿಲ್ಲಿಸುತ್ತಾರೆ. ನಿಮ್ಮ ತಂದೆಗೆ ಎರಡು ವರ್ಷ ಆಗಿದೆ. ಎರಡೂ ಇನ್ನೂ ಬೇಕಾ ಅಂತ ಹಾರ್ಟ್ ಡಾಕ್ಟರನ್ನು ಕೇಳಿ. ಕೇಳದೆ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ಗ್ಯಾಸ್ ಮಾತ್ರೆ, ವಿಟಮಿನ್, ನರದ ಶಕ್ತಿಗೆ ಅಂತ ಕೊಡುವ ಕ್ಯಾಪ್ಸೂಲ್, ಲಿವರ್ ಟಾನಿಕ್, ಪ್ರೋಟೀನ್ ಪುಡಿ ಇವೆಲ್ಲ ಯಾವತ್ತೋ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಬರೆದದ್ದು ಹಾಗೇ ಮುಂದುವರಿದಿರುತ್ತವೆ. ಬಿಪಿ ಮಾತ್ರೆಗಿಂತ ಇವಕ್ಕೇ ಜಾಸ್ತಿ ದುಡ್ಡು ಹೋಗುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಂತ ಎಲ್ಲವೂ ದಂಡ ಅಲ್ಲ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬಹಳ ವರ್ಷ ತೆಗೆದುಕೊಂಡವರಿಗೆ ಬಿ12 ಕಡಿಮೆ ಆಗಬಹುದು, ಅಂಥವರಿಗೆ ಬಿ12 ಬೇಕು. ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ ಗ್ಯಾಸ್ ಮಾತ್ರೆ ಬೇಕಾಗಿರಬಹುದು. ಅದಕ್ಕೇ ಮನೆಯಲ್ಲಿರುವ ಎಲ್ಲ ಶೀಟುಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಬೇರೆ ಬೇರೆ ಡಾಕ್ಟರು ಬರೆದದ್ದೂ ಅದರಲ್ಲಿರಲಿ. "ಇದರಲ್ಲಿ ಯಾವುದು ಬಿಡಬಹುದು?" ಅಂತ ಕೇಳಿ. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಲ್ಲಿ ಎರಡು ಸಲ ಸೇರಿರುವುದೂ ಇಂಥ ಹೊತ್ತಲ್ಲೇ ಸಿಗುತ್ತದೆ.

ಜನೌಷಧಿ ನಂಬಬಹುದಾ ಅಂದಿರಿ. ನಾನು ನಂಬುತ್ತೇನೆ. ಅದು ನನ್ನ ವ್ಯಾಪಾರಕ್ಕೆ ಪೆಟ್ಟು ಕೊಡುವ ಅಂಗಡಿ, ಆದರೂ ಇದನ್ನು ಹೇಳಲೇಬೇಕು. 2008ರಲ್ಲಿ ಶುರುವಾದ ಯೋಜನೆ, ಈಗ ದೇಶದಲ್ಲಿ 15,000ಕ್ಕೂ ಹೆಚ್ಚು ಕೇಂದ್ರಗಳಿವೆ. ಹೆಸರುವಾಸಿ ಬ್ರ್ಯಾಂಡ್‌ಗಿಂತ ಶೇ 50ರಿಂದ 80ರವರೆಗೆ ಕಡಿಮೆ ಬೆಲೆ. ಅಲ್ಲಿಗೆ ಬರುವ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ನಿಯಮ ಇದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಗುಣಮಟ್ಟ ಇಲ್ಲದ ಬ್ಯಾಚ್‌ಗಳ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ಜನೌಷಧಿ ಬ್ಯಾಚ್‌ಗಳೂ ಬಂದಿವೆ, ದೊಡ್ಡ ಬ್ರ್ಯಾಂಡ್ ಹೆಸರಿನವೂ ಬಂದಿವೆ. ಜಾಸ್ತಿ ಬೆಲೆ ಕೊಟ್ಟರೆ ಒಳ್ಳೆಯ ಗುಣಮಟ್ಟ ಗ್ಯಾರಂಟಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅನುಮಾನ ಇದ್ದರೆ ಅಳೆದು ನೋಡಿ. ಮಾತ್ರೆ ಬದಲಿಸಿದ ಮೇಲೆ ಎರಡು ಮೂರು ವಾರ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಖಾಲಿ ಹೊಟ್ಟೆಯ ಶುಗರ್ ನೋಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ), ಕೊಲೆಸ್ಟ್ರಾಲ್ ಮಾಡಿಸಿ. ಮೊದಲಿನ ಹಾಗೇ ಇದ್ದರೆ ಮುಂದುವರಿಸಿ, ಏರುಪೇರಾದರೆ ಡಾಕ್ಟರಿಗೆ ತೋರಿಸಿ. ಜನೌಷಧಿಯ ನಿಜವಾದ ತೊಂದರೆ ಬೇರೆ. ಕೆಲವು ಸಲ ಸ್ಟಾಕ್ ಇರುವುದಿಲ್ಲ. ಮಾತ್ರೆ ಮುಗಿಯುವ ದಿನ ಹೋಗಬೇಡಿ, ಹತ್ತು ದಿನ ಮೊದಲೇ ಹೋಗಿ. ಜನೌಷಧಿ ಸುಗಮ್ ಅನ್ನುವ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಔಷಧ, ಬೆಲೆ ನೋಡಬಹುದು.

ಒಂದು ಎಚ್ಚರಿಕೆ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್, ಅಸಿನೋಕೌಮರಾಲ್, ಹಾರ್ಟಿನ ಡಿಜಾಕ್ಸಿನ್, ಮಾನಸಿಕ ಕಾಯಿಲೆಯ ಲಿಥಿಯಂ, ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್ ಇಂಥವುಗಳ ಪ್ರಮಾಣ ಒಂದಿಷ್ಟು ಹೆಚ್ಚುಕಡಿಮೆ ಆದರೂ ತೊಂದರೆ ಆಗಬಹುದು. ಇವುಗಳ ಕಂಪನಿಯನ್ನು ತಿಂಗಳಿಗೊಂದು ಸಲ ಬದಲಿಸುತ್ತಾ ಹೋಗಬಾರದು. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಇನ್ನು ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅದರ ಬದಲು ಸಾದಾ ಮಾತ್ರೆ ತರಬೇಡಿ, ಪುಡಿ ಮಾಡಿಯೂ ಕೊಡಬೇಡಿ. ನಿಮ್ಮ ತಂದೆಗೆ ಮುಂದೆ ಇನ್ಸುಲಿನ್ ಶುರು ಮಾಡಿದರೆ, ಪೆನ್ನಿನ ಹೊಸ ಬಗೆಯ ಇನ್ಸುಲಿನ್ನೇ ಬೇಕಾ, ಬಾಟಲಿಯ ಹ್ಯೂಮನ್ ಇನ್ಸುಲಿನ್ ಸಾಕಾ ಅಂತ ಕೇಳಿ. ಬೆಲೆಯಲ್ಲಿ ಬಹಳ ವ್ಯತ್ಯಾಸ ಇದೆ. ಆದರೆ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ಟಿಗೆ ಕಿತ್ತಳೆ ಮುಚ್ಚಳದ್ದು. ಇವೆರಡು ಅದಲುಬದಲಾದರೆ ಪ್ರಾಣಕ್ಕೆ ಬರುತ್ತದೆ.

"ಶೇ 20 ಡಿಸ್ಕೌಂಟ್", "ಶೇ 50 ಡಿಸ್ಕೌಂಟ್" ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ. ಕಂಪನಿಯ ಪ್ರತಿನಿಧಿಗಳು ಪ್ರಚಾರ ಮಾಡದ ಕೆಲವು ಜೆನೆರಿಕ್ (ಪೇಟೆಂಟ್ ಮುಗಿದ ಔಷಧದ) ಮಾತ್ರೆಗಳಲ್ಲಿ ಎಂಆರ್‌ಪಿ ಹೆಸರುವಾಸಿ ಬ್ರ್ಯಾಂಡಿನಷ್ಟೇ ಇರುತ್ತದೆ, ಅಂಗಡಿಗೆ ಬರುವ ಬೆಲೆ ಮಾತ್ರ ಅದರ ಒಂದು ಸಣ್ಣ ಪಾಲು. ಅಂಥದ್ದಕ್ಕೆ ಅರ್ಧ ಬೆಲೆ ಬಿಟ್ಟರೂ ಅಂಗಡಿಗೆ ಒಳ್ಳೆಯ ಲಾಭ ಇದೆ. ನೀವು ಕೇಳಬೇಕಾದದ್ದು ಎಷ್ಟು ಬಿಡುತ್ತೀರಿ ಅಂತ ಅಲ್ಲ, ಒಂದು ಮಾತ್ರೆಗೆ ಕೊನೆಗೆ ಎಷ್ಟು ಬೀಳುತ್ತದೆ ಅಂತ. ಆನ್‌ಲೈನ್‌ನಲ್ಲೂ ಇದೇ ಲೆಕ್ಕ. ಔಷಧ ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಒಂದೇ ಔಷಧದ ಬೇರೆ ಬೇರೆ ಬ್ರ್ಯಾಂಡ್‌ಗಳ ಬೆಲೆ ಹೋಲಿಸಿ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ಗಮನಿಸಿ. ಹೊಸದಾಗಿ ಬರೆದ ಮಾತ್ರೆಯನ್ನು ರಿಯಾಯಿತಿ ಆಸೆಗೆ ಮೂರು ತಿಂಗಳಿಗೆ ಒಟ್ಟಿಗೆ ತರಬೇಡಿ. ದೇಹಕ್ಕೆ ಒಗ್ಗದೆ ಹೋದರೆ ಅಷ್ಟೂ ದಂಡ. ಮೊದಲು ಒಂದು ಶೀಟ್ ಸಾಕು.

ಪೂರ್ತಿ ಉಚಿತವಾಗಿ ಸಿಗುವ ಜಾಗಗಳನ್ನು ಮಧ್ಯಮ ವರ್ಗದವರು ಮರೆತೇಬಿಟ್ಟಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳನ್ನು ದುಡ್ಡಿಲ್ಲದೆ ಕೊಡುತ್ತಾರೆ. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಎಲ್ಲ ಮಾತ್ರೆಯೂ ಅಲ್ಲಿ ಸಿಗಲಿಕ್ಕಿಲ್ಲ. ಎರಡು ಮೂರು ಸಿಕ್ಕರೂ ಅಷ್ಟು ಉಳಿತಾಯ ಅಲ್ವಾ? ನಿಮ್ಮ ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ, ನಿಮ್ಮನ್ನೇ ಅವಲಂಬಿಸಿರುವ ತಂದೆ ತಾಯಿಗೂ ಅಲ್ಲಿ ಚಿಕಿತ್ಸೆ, ಔಷಧ ಸಿಗುತ್ತದೆ.

ತಂದೆಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಇನ್ನೊಂದು ವಿಷಯ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರು, ವಿಮೆ ಇಲ್ಲದ ಹಿರಿಯ ನಾಗರಿಕ ತಂದೆ ತಾಯಿಯ ವೈದ್ಯಕೀಯ ಖರ್ಚನ್ನು ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಯುಪಿಐನಲ್ಲಿ ಕೊಡಿ, ಬಿಲ್ ಇಟ್ಟುಕೊಳ್ಳಿ.

ಒಂದು ದಾರಿ ಮಾತ್ರ ಬೇಡವೇ ಬೇಡ. ದಿನ ಬಿಟ್ಟು ದಿನ ನುಂಗುವುದು, ಅರ್ಧ ಮಾಡಿ ಕೊಡುವುದು, "ಈಗ ಬಿಪಿ ನಾರ್ಮಲ್ ಇದೆ" ಅಂತ ನಿಲ್ಲಿಸುವುದು. ಹಿರಿಯರು ಮಕ್ಕಳಿಗೆ ಹೊರೆ ಆಗಬಾರದು ಅಂತ ಹೇಳದೆಯೇ ಹೀಗೆ ಮಾಡುತ್ತಾರೆ. ನಿಮ್ಮ ತಂದೆಯ ಶೀಟಿನಲ್ಲಿ ಇರಬೇಕಾದದ್ದಕ್ಕಿಂತ ಜಾಸ್ತಿ ಮಾತ್ರೆ ಉಳಿದಿದೆಯಾ ಅಂತ ಸುಮ್ನೆ ಒಂದು ಸಲ ನೋಡಿ. ಉಳಿದಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂತು ವಿಚಾರಿಸಿ.

ಶೀಟಿನ ಮೇಲೆ ಔಷಧದ ಹೆಸರು, ಎಂಜಿ ಇರುತ್ತದೆ. ತಂದೆಯ ಹೆಸರು, ಆಸ್ಪತ್ರೆಯ ಹೆಸರು ಬಿಟ್ಟು ಅಷ್ಟನ್ನು ಇಲ್ಲಿ ಬರೆದು ಹಾಕಿ, ದಿನಕ್ಕೆ ಎಷ್ಟು ಸಲ ಅನ್ನುವುದನ್ನೂ ಸೇರಿಸಿ. ಡಾಕ್ಟರ ಹತ್ತಿರ ಯಾವ ಯಾವ ಮಾತ್ರೆಯ ಬಗ್ಗೆ ಏನು ಕೇಳಬೇಕು ಅಂತ ನಾನು ಪಟ್ಟಿ ಮಾಡಿಕೊಡುತ್ತೇನೆ.