ಕೊಲಂಬಸ್ ಪೋರ್ಚುಗಲ್ಲಿನ ಪರವಾಗಿ ಹೊರಟಿದ್ದರೆ?

ಪ್ರಶ್ನೆ: ಸ್ಪೇನಿಗೆ ಹೋಗುವ ಮೊದಲು ಕೊಲಂಬಸ್ ತನ್ನ ಯೋಜನೆಯನ್ನು ಪೋರ್ಚುಗಲ್ ದೊರೆಯ ಮುಂದಿಟ್ಟಿದ್ದನೆಂದು ಓದಿದ್ದೇನೆ. ಆ ದೊರೆ ಒಪ್ಪಿಕೊಂಡಿದ್ದರೆ ಅಮೆರಿಕದ ಚರಿತ್ರೆ ಬೇರೆಯಾಗುತ್ತಿತ್ತೆ?
– ಓದುಗರೊಬ್ಬರು, ಶಿರಸಿ

ಉತ್ತರ: ಇದಕ್ಕೆ ಉತ್ತರವನ್ನು ದೊರೆಯ ಆಸ್ಥಾನಕ್ಕಿಂತ ಹೆಚ್ಚಾಗಿ ಅಟ್ಲಾಂಟಿಕ್ ಸಾಗರದ ಗಾಳಿಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. 1480ರ ದಶಕದಲ್ಲಿ ಪೋರ್ಚುಗಲ್ಲಿನ ಎರಡನೆಯ ಜೊವಾವ್ ದೊರೆಯ ಪಂಡಿತರು, ಪಶ್ಚಿಮಕ್ಕೆ ಸಾಗಿ ಏಷ್ಯಾವನ್ನು ತಲುಪುವ ಈ ಯೋಜನೆಯನ್ನು ತಳ್ಳಿಹಾಕಿದ್ದಕ್ಕೆ ಬಲವಾದ ಕಾರಣವಿತ್ತು. ಆಫ್ರಿಕದ ವಾಯವ್ಯ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳಿಂದ ಜಪಾನಿಗೆ ಸುಮಾರು 4,400 ಕಿಲೋಮೀಟರ್ ಎಂದು ಕೊಲಂಬಸ್ ಲೆಕ್ಕ ಹಾಕಿದ್ದನು; ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು.

ದೊರೆ ಒಪ್ಪಿದ್ದನೆಂದೇ ಇಟ್ಟುಕೊಳ್ಳೋಣ. ಹಡಗುಗಳು ಎಲ್ಲಿಂದ ಹೊರಡಬೇಕಾಗಿತ್ತು? ಕ್ಯಾನರಿ ದ್ವೀಪಗಳು 1479ರ ಅಲ್ಕಾಸೊವಾಸ್ ಒಪ್ಪಂದದಂತೆ ಸ್ಪೇನಿನ ಕ್ಯಾಸ್ಟೀಲ್ ರಾಜ್ಯಕ್ಕೆ ಸೇರಿದ್ದವು. ಆ ಅಕ್ಷಾಂಶದಲ್ಲಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವು ಹಾಯಿಹಡಗನ್ನು ಪಶ್ಚಿಮಕ್ಕೆ ತಾನಾಗಿಯೇ ತಳ್ಳಿಕೊಂಡು ಹೋಗುತ್ತದೆ. 1492ರ ಸೆಪ್ಟೆಂಬರ್ 6ರಂದು ಅಲ್ಲಿನ ಗೊಮೇರಾ ದ್ವೀಪವನ್ನು ಬಿಟ್ಟ ಕೊಲಂಬಸ್ ಅಕ್ಟೋಬರ್ 12ಕ್ಕೆ ಬಹಾಮಾಸ್ ತಲುಪಿದ್ದು ಈ ಗಾಳಿಯ ಬಲದಿಂದ. ಪೋರ್ಚುಗೀಸರಿಗೆ ಪಶ್ಚಿಮದ ತುದಿಯ ನೆಲೆಯಾಗಿದ್ದ ಅಜೋರ್ಸ್ ದ್ವೀಪಗಳು ಇನ್ನೂ ಉತ್ತರಕ್ಕಿವೆ, ಮತ್ತು ಅಲ್ಲಿ ಗಾಳಿ ಹೆಚ್ಚಾಗಿ ಎದುರಿನಿಂದ, ಅಂದರೆ ಪಶ್ಚಿಮದಿಂದಲೇ, ಬೀಸುತ್ತದೆ. ಇದನ್ನು ಬರಿಯ ಊಹೆಯೆಂದು ತಿಳಿಯಬೇಕಾಗಿಲ್ಲ. ಇದೇ ಜೊವಾವ್ 1486ರಲ್ಲಿ ಫೆರ್ನಾವ್ ದುಲ್ಮೊ ಎಂಬವನಿಗೆ ಅಜೋರ್ಸ್‌ನಿಂದ ಪಶ್ಚಿಮಕ್ಕೆ ಹೋಗಿ ನೆಲ ಹುಡುಕಲು ಪರವಾನಗಿ ಕೊಟ್ಟಿದ್ದನು. ಅದರಿಂದ ಯಾವ ಫಲವೂ ಬರಲಿಲ್ಲ. ಕೊಲಂಬಸನೂ ಆ ದಾರಿಯನ್ನೇ ಹಿಡಿದಿದ್ದರೆ ಅವನ ಹೆಸರನ್ನು ಇಂದು ನಾವು ಕೇಳುತ್ತಿದ್ದೆವೋ ಇಲ್ಲವೋ.

ಆದರೆ ಪೋರ್ಚುಗೀಸರ ಕೈಯಲ್ಲಿ ಕೇಪ್ ವರ್ಡ್ ದ್ವೀಪಗಳೂ ಇದ್ದವು. ಅಲ್ಲಿಂದ ನೈರುತ್ಯಕ್ಕೆ ತಿರುಗಿದ ಹಡಗು ಬ್ರೆಜಿಲ್ ಕರಾವಳಿಯನ್ನು ಕಾಣುತ್ತದೆ. ಭಾರತಕ್ಕೆಂದು 1500ರ ಮಾರ್ಚಿನಲ್ಲಿ ಲಿಸ್ಬನ್ನಿನಿಂದ 13 ಹಡಗುಗಳೊಡನೆ ಹೊರಟ ಪೋರ್ಚುಗೀಸ್ ನಾಯಕ ಕಬ್ರಾಲ್, ಆಫ್ರಿಕದ ಭೂಶಿರವನ್ನು ಸುತ್ತಲು ಬೇಕಾದ ಗಾಳಿಗಾಗಿ ಸಾಗರದಲ್ಲಿ ಪಶ್ಚಿಮಕ್ಕೆ ದೂರ ಸರಿದು ಏಪ್ರಿಲ್ 22ರಂದು ಬ್ರೆಜಿಲ್ಲನ್ನು ಕಂಡನು. (ಇದೇ ಯಾನದಲ್ಲಿ ಅವನ ಹಡಗುಗಳು ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ ಕಲ್ಲಿಕೋಟೆಗೆ ಹೋದವು.) ಆದ್ದರಿಂದ ಕೊಲಂಬಸ್ ಹುಟ್ಟದೇ ಇದ್ದಿದ್ದರೂ ಯುರೋಪಿನವರು ಎಂಟೇ ವರ್ಷ ತಡವಾಗಿ ಆ ಖಂಡವನ್ನು ಮುಟ್ಟುತ್ತಿದ್ದರೆಂದು ನಾನು ನಂಬುತ್ತೇನೆ.

ನಿಜವಾದ ವ್ಯತ್ಯಾಸ ಆಮೇಲಿನದು. ಘಾನಾದ ಎಲ್ಮಿನಾದಲ್ಲಿ 1482ರಲ್ಲಿ ಮಾಡಿದಂತೆ ಕರಾವಳಿಯಲ್ಲಿ ಕೋಟೆ ಕಟ್ಟಿ ವ್ಯಾಪಾರ ನಡೆಸುವುದು ಪೋರ್ಚುಗೀಸರ ಅಂದಿನ ರೂಢಿಯಾಗಿತ್ತು. ಕೆರಿಬಿಯನ್ ದ್ವೀಪಗಳಲ್ಲಿ ಕ್ಯಾಸ್ಟೀಲಿನವರು ನೆಲೆಯೂರದೆ ಹೋಗಿದ್ದರೆ, 1519ರಲ್ಲಿ ಸ್ಪೇನಿನ ಸೇನಾನಿ ಕೋರ್ಟೆಸ್‌ನ ದಂಡು ಕ್ಯೂಬಾದಿಂದ ಮೆಕ್ಸಿಕೋದ ಮೇಲೆ ಏರಿಹೋಗುವ ಸಂದರ್ಭವೇ ಇರುತ್ತಿರಲಿಲ್ಲ. ಸಿಡುಬು ಮಾತ್ರ ಯಾರ ಹಡಗಿನಲ್ಲಾದರೂ ಬಂದೇ ಬರುತ್ತಿತ್ತು, ಅದೇ ಭೀಕರತೆಯಿಂದ ಕೊಲ್ಲುತ್ತಿತ್ತು. ಆದರೆ 1520ರಲ್ಲಿ ಮೆಕ್ಸಿಕೋದ ಅಜ್ಟೆಕ್ ದೊರೆ ಕ್ವಿಟ್ಲಾವಾಕ್ ಸಿಡುಬಿನಿಂದ ಸತ್ತ ಕೆಲವೇ ತಿಂಗಳಲ್ಲಿ ಅವನ ರಾಜಧಾನಿಗೆ ಮುತ್ತಿಗೆ ಬಿತ್ತು. ರೋಗ ಮೊದಲು ಬಂದು ಸೈನ್ಯ ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಬಂದಿದ್ದರೆ, ಬದುಕುಳಿದವರ ಮಕ್ಕಳು ಬೆಳೆದು ನಿಂತಿರುತ್ತಿದ್ದರು, ಕುದುರೆಯನ್ನೂ ಕಬ್ಬಿಣವನ್ನೂ ವ್ಯಾಪಾರಿಗಳ ಬಳಿ ಕಂಡಿರುತ್ತಿದ್ದರು, ಮತ್ತು ಆ ನಗರ ಅಷ್ಟು ಬೇಗ ಬೀಳುತ್ತಿರಲಿಲ್ಲ.