ಪೊಟ್ಟಣದ ಹಿಂದಿನ ನಂಬರುಗಳು

ಪ್ರಶ್ನೆ: ಮಕ್ಕಳಿಗೆ ತಂದ ಚಾಕೊಲೇಟಿನ ಮೇಲೆ ಎಮಲ್ಸಿಫೈಯರ್ 442, 476 ಅಂತ ಇದೆ. ಬಿಸ್ಕತ್ತಿನಲ್ಲಿ 322, 471. ಐಸ್‌ಕ್ರೀಮಿನಲ್ಲಿ 471ರ ಜೊತೆ 466. ನಾವು ಸಸ್ಯಾಹಾರಿಗಳು. 471 ಅಂದರೆ ಪ್ರಾಣಿಯ ಕೊಬ್ಬು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಯಾವುದು ಪರವಾಗಿಲ್ಲ, ಯಾವುದನ್ನು ಬಿಡಬೇಕು?
– ಓದುಗರು, ಜಯನಗರ

ಉತ್ತರ: ಎಮಲ್ಸಿಫೈಯರ್ ಅಂದರೆ ಎಣ್ಣೆ, ನೀರಿನಂಥವು ಬೇರೆಯಾಗದ ಹಾಗೆ ಹಿಡಿದಿಡುವ ಪದಾರ್ಥ. ಮೊದಲು ವಾಟ್ಸಾಪಿನ ಮಾತು ಮುಗಿಸೋಣ. 471 ಅಂದರೆ ಮೋನೋ ಮತ್ತು ಡೈಗ್ಲಿಸರೈಡ್‌ಗಳು. ತಾಳೆ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡಬಹುದು, ಬರೀ ನಂಬರು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಹಸಿರು ಚುಕ್ಕೆ ನೋಡಿ. ನಮ್ಮಲ್ಲಿ ಮೊಟ್ಟೆ ಸೇರಿದ್ದರೂ ಆ ಚುಕ್ಕೆ ಹಾಕುವ ಹಾಗಿಲ್ಲ. ಹಾಗಾಗಿ 322, ಅಂದರೆ ಲೆಸಿಥಿನ್, ಮೊಟ್ಟೆಯದ್ದಾ ಅನ್ನೋ ಅನುಮಾನವೂ ಅಲ್ಲೇ ತೀರುತ್ತದೆ. ಸಾಮಾನ್ಯವಾಗಿ ಅದು ಸೋಯಾದ್ದು, ಸೋಯಾ ಅಲರ್ಜಿ ಇರುವವರು ಮಾತ್ರ ನೋಡಿಕೊಳ್ಳಬೇಕು.

ಚಾಕೊಲೇಟಿನ ವಿಷಯಕ್ಕೆ ಬಂದರೆ, ಕರಗಿದ ಚಾಕೊಲೇಟ್ ಅಚ್ಚಿಗೆ ಸಲೀಸಾಗಿ ಹರಿಯಬೇಕು, ಅದಕ್ಕೆ ಕೋಕೋ ಬೆಣ್ಣೆ ಬೇಕು, ಅದು ದುಬಾರಿ. ಸ್ವಲ್ಪ 322 ಅಥವಾ ಅದರ ಹಾಗೇ ಕೆಲಸ ಮಾಡುವ 442 ಹಾಕಿದರೆ ಬೆಣ್ಣೆ ಉಳಿಯುತ್ತದೆ. ಜೊತೆಗೆ 476 ಸೇರಿಸಿದರೆ ಇನ್ನೂ ಉಳಿಯುತ್ತದೆ. ಈ 476 ಹರಳೆಣ್ಣೆಯ ಕೊಬ್ಬಿನಾಮ್ಲದಿಂದ ಮಾಡಿದ್ದು. ಅಜ್ಜಿ ಮೂಗು ಹಿಡಿದು ಕುಡಿಸಿದ್ದು ನೆನಪಾಗಿ ಹೆದರಬೇಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ಇದರ ಮಿತಿಯನ್ನು ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 7.5ರಿಂದ 25 ಮಿಲಿಗ್ರಾಮಿಗೆ ಏರಿಸಿತು. 20 ಕಿಲೋ ತೂಗುವ ಮಗುವಿಗೆ ಅದು 500 ಮಿಲಿಗ್ರಾಂ ಆಯಿತು. ಚಾಕೊಲೇಟಿನಲ್ಲಿ ಅರ್ಧ ಶೇಕಡಾ 476 ಇದೆ ಅಂದುಕೊಂಡರೂ ಮಗು ದಿನಾ 100 ಗ್ರಾಂ ತಿನ್ನಬೇಕು, ಅಷ್ಟು ತಿಂದರೆ ಚಿಂತೆ ಮಾಡಬೇಕಾದದ್ದು ಸಕ್ಕರೆ ಬಗ್ಗೆ, ಅಲ್ವಾ? ನನ್ನನ್ನು ಕೇಳಿದರೆ, 476 ಇಲ್ಲದ್ದನ್ನು ಆರಿಸಿ, ಆದರೆ ಭಯಕ್ಕಲ್ಲ, ರುಚಿಗೆ.

ಬ್ರೆಡ್ಡಿನಲ್ಲಿ 471 ಪಿಷ್ಟಕ್ಕೆ ಅಂಟಿಕೊಂಡು ಬೇಗ ಗಟ್ಟಿಯಾಗದ ಹಾಗೆ ನೋಡಿಕೊಳ್ಳುತ್ತದೆ. ಐಸ್‌ಕ್ರೀಮಿನಲ್ಲಿ ಅದರ ಕೆಲಸ ಉಲ್ಟಾ. ಕೊಬ್ಬಿನ ಕಣಗಳ ಮೇಲಿನ ಹಾಲಿನ ಪ್ರೋಟೀನನ್ನು ಪಕ್ಕಕ್ಕೆ ತಳ್ಳಿ, ಕಣಗಳು ಅಷ್ಟಿಷ್ಟು ಗುಂಪುಗೂಡಿ ಗಾಳಿ ಹಿಡಿದಿಟ್ಟುಕೊಳ್ಳುವ ಹಾಗೆ ಮಾಡುತ್ತದೆ.

ನಾನು ಸ್ವಲ್ಪ ಯೋಚನೆ ಮಾಡುವುದು 466 ಮತ್ತು 433 ಬಗ್ಗೆ. 466 ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, 433 ಪಾಲಿಸಾರ್ಬೇಟ್ 80. ಇವನ್ನು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಬದಲಾಗಿ ಉರಿಯೂತ ಕಂಡಿತು ಅಂತ 2015ರಲ್ಲಿ ವರದಿಯಾಯಿತು. 2022ರಲ್ಲಿ 16 ಜನರ ಮೇಲೆ ಪರೀಕ್ಷೆ ನಡೆಯಿತು. 466 ಕೊಟ್ಟವರಲ್ಲೂ ಕರುಳಿನ ಬ್ಯಾಕ್ಟೀರಿಯಾ ಬದಲಾಯಿತು. ಆದರೆ ಕೊಟ್ಟದ್ದು ದಿನಕ್ಕೆ 15 ಗ್ರಾಂ, 11 ದಿನ. ಒಂದು ಕಪ್ ಐಸ್‌ಕ್ರೀಮಿನಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಭಾನುವಾರದ ಐಸ್‌ಕ್ರೀಮ್ ನಿಲ್ಲಿಸಬೇಡಿ. ದಿನಾ ಮೂರು ಹೊತ್ತೂ ಪೊಟ್ಟಣದ ತಿಂಡಿಯೇ ಆದರೆ ಮಾತು ಬೇರೆ.

ಪ್ರಶ್ನೆ: ಮೊಟ್ಟೆ ಇಲ್ಲದ ಕೇಕಿಗೆ ಬೇಕರಿಯವರು ಹಾಕುವ ಕೇಕ್ ಜೆಲ್ ಏನು?
– ಓದುಗರು, ರಾಜಾಜಿನಗರ

ಉತ್ತರ: ಹೆಚ್ಚಾಗಿ ಮತ್ತೆ ಅದೇ 471, ನೀರು ಮತ್ತು ಒಂದೆರಡು ಸಂಬಂಧಿ ಎಮಲ್ಸಿಫೈಯರ್‌ಗಳು. ಮೊಟ್ಟೆ ಹಿಡಿಯಬೇಕಿದ್ದ ಗಾಳಿಯನ್ನು ಇದು ಹಿಡಿಯುತ್ತದೆ. ಬಿಡಿಯಾಗಿ ಕೊಳ್ಳುವ ಕೇಕಿನ ಮೇಲೆ ಚುಕ್ಕೆ ಇರುವುದಿಲ್ಲ, ಆದ್ದರಿಂದ ಜೆಲ್ ಡಬ್ಬಿ ತೋರಿಸಿ ಅಂತ ಕೇಳಿ. ಸಂಕೋಚ ಬೇಡ.