ಮಾಯಾ ನಾಡಿಗೆ ಮಕ್ಕಳ ಜೊತೆ: ಎರಡೇ ಜಾಗ ಸಾಕು

ಪ್ರಶ್ನೆ: ನಾವು ಹೂಸ್ಟನ್‌ನಲ್ಲಿದ್ದೇವೆ. ಧಾರವಾಡದಿಂದ ಅಮ್ಮ ಬಂದಿದ್ದಾರೆ, ಅರವತ್ತು ದಾಟಿದೆ, ಬಿಪಿ ಇದೆ. ಡಿಸೆಂಬರ್ ರಜೆಯಲ್ಲಿ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೆಕ್ಸಿಕೊ, ಬೆಲೀಜ್, ಗ್ವಾಟೆಮಾಲ, ಹೊಂಡುರಾಸ್ ನಾಲ್ಕೂ ಕಡೆ ಪ್ರಾಚೀನ ಮಾಯಾ ಜನ ಕಟ್ಟಿದ ನಗರಗಳ ಅವಶೇಷ ನೋಡುವ ಆಸೆ. ಹತ್ತು ದಿನ ಸಾಕಾಗುತ್ತಾ?

ಉತ್ತರ: ಸಾಕಾಗಲ್ಲ. ನಾಲ್ಕು ದೇಶ ಅಂದರೆ ಗಡಿಯಲ್ಲಿ ಕ್ಯೂ ನಿಲ್ಲುವುದು, ಲಗೇಜ್ ಹತ್ತಿಸಿ ಇಳಿಸುವುದು ಇಷ್ಟರಲ್ಲೇ ಅರ್ಧ ರಜೆ ಮುಗಿಯುತ್ತದೆ, ಅಮ್ಮನಿಗೂ ಸುಸ್ತು. ಗ್ವಾಟೆಮಾಲದ ಟಿಕಾಲ್, ಹೊಂಡುರಾಸ್‌ನ ಕೋಪಾನ್ ಎರಡನ್ನೇ ಇಟ್ಟುಕೊಳ್ಳಿ. ಗ್ವಾಟೆಮಾಲ ಸಿಟಿಯಿಂದ ಫ್ಲೋರೆಸ್‌ಗೆ ವಿಮಾನದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಅಲ್ಲಿಂದ ಟಿಕಾಲ್‌ಗೆ ರಸ್ತೆ. ಕೋಪಾನ್ ಗ್ವಾಟೆಮಾಲದ ಗಡಿಗೆ ಅಂಟಿಕೊಂಡಂತೇ ಇದೆ.

ಟಿಕಾಲ್‌ನ ನಾಲ್ಕನೇ ದೇವಾಲಯ ಸುಮಾರು 65 ಮೀಟರ್ ಎತ್ತರ. ಪಕ್ಕದಲ್ಲಿ ಮರದ ಮೆಟ್ಟಿಲು ಹಾಕಿದ್ದಾರೆ, ಮಕ್ಕಳು ಹತ್ತಲಿ. ಅಮ್ಮ ಕೆಳಗೆ ನೆರಳಲ್ಲಿ ಕೂತರೂ ನಷ್ಟವಿಲ್ಲ, ಕಾಡೇ ಅಷ್ಟು ಚೆನ್ನಾಗಿದೆ. ಮಕ್ಕಳಿಗೆ ಒಂದು ಮಾತು ಹೇಳಿ: ಇದನ್ನು ಕಟ್ಟಿದ್ದು 740ರ ಆಸುಪಾಸು, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎದ್ದದ್ದೂ ಹತ್ತಿರ ಹತ್ತಿರ ಅದೇ ಹೊತ್ತಿಗೆ. ಭೂಮಿಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು, ಪರಸ್ಪರ ಸುಳಿವೇ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಆಕಾಶಕ್ಕೆ ಏರಿಸುತ್ತಿದ್ದರು ಅಂತ ನೆನೆದರೆ ನನಗಂತೂ ಈಗಲೂ ಮೈ ಜುಂ ಅನ್ನುತ್ತದೆ. ಇನ್ನೊಂದು ವಿಷಯ, ಟಿಕಾಲ್‌ನ ದೇವಾಲಯದ ಬಾಗಿಲುಗಳ ಮೇಲಿನ ತೊಲೆಗಳನ್ನು ಕೆತ್ತಿದ್ದು ಸಪೋಟ ಮರದಲ್ಲಿ. ಹೌದು, ನಾವು ತಿನ್ನುವ ಅದೇ ಸಪೋಟ, ಅದರ ತವರು ಆ ಕಡೆಯೇ. ಸಾವಿರ ವರ್ಷ ಮಳೆ, ಗೆದ್ದಲು ಎಲ್ಲ ತಡೆದುಕೊಂಡ ಮರ ಅದು.

ಪ್ರಶ್ನೆ: ಮಗಳಿಗೆ ಪ್ರಾಣಿಗಳೆಂದರೆ ಪ್ರಾಣ. ಏನೇನು ಕಾಣಿಸುತ್ತೆ? ಭಯ ಪಡಬೇಕಾ?

ಉತ್ತರ: ಟಿಕಾಲ್‌ಗೆ ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಎಲ್ಲವೂ ಅಡಗಿಬಿಡುತ್ತವೆ. ಮೊದಲು ಕಿವಿಗೆ ಬೀಳುವುದು ಹೌಲರ್ ಕೋತಿಯ ಗರ್ಜನೆ. ಹುಲಿ ಬಂತೇನೋ ಅನ್ನಿಸುತ್ತದೆ, ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ. ಗಂಟಲಲ್ಲಿರುವ ದೊಡ್ಡ ಟೊಳ್ಳು ಮೂಳೆಯೊಂದು ಆ ದನಿಯನ್ನು ಅಷ್ಟು ಜೋರು ಮಾಡುತ್ತದೆ. ಕೋತಿ ಮಾತ್ರ ಸಾಧು, ಎಲೆ ತಿಂದುಕೊಂಡು ಮೇಲೇ ಇರುತ್ತದೆ. ಮಗಳಿಗೆ ಮೊದಲೇ ಹೇಳಿಟ್ಟಿರಿ, ಹೆದರಲ್ಲ. ಸ್ಪೈಡರ್ ಕೋತಿ, ದೊಡ್ಡ ಕೊಕ್ಕಿನ ಟೂಕನ್ ಹಕ್ಕಿ, ಕೋವಾಟಿ ಅನ್ನುವ ಉದ್ದ ಮೂತಿಯ ಪ್ರಾಣಿಗಳ ಹಿಂಡು, ಬಾಲದ ಗರಿಯಲ್ಲಿ ನವಿಲಿನಂಥ ಕಣ್ಣುಗಳಿರುವ ಕಾಡು ಟರ್ಕಿ ಕೋಳಿ, ಇವೆಲ್ಲ ಸಿಗಬಹುದು. ಕೋವಾಟಿಗಳಿಗೆ ಬಿಸ್ಕತ್ ಹಾಕಬೇಡಿ. ಒಮ್ಮೆ ರುಚಿ ಹತ್ತಿದರೆ ಜನರ ಬ್ಯಾಗಿಗೇ ಕೈ ಹಾಕುತ್ತವೆ.

ಕೋಪಾನ್‌ನಲ್ಲಿ ಕೆಂಪು ಮಕಾವ್ ಗಿಳಿಗಳು. ಅಲ್ಲಿನ ಚೆಂಡಾಟದ ಅಂಗಳದಲ್ಲಿ ಮಕಾವ್ ತಲೆಗಳನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಸಾಕಿ ಬೆಳೆಸಿದ ಗಿಳಿಗಳನ್ನು ಈಚಿನ ವರ್ಷಗಳಲ್ಲಿ ಕಣಿವೆಗೆ ಮತ್ತೆ ಬಿಟ್ಟಿದ್ದಾರೆ, ಹಾಗಾಗಿ ಕಲ್ಲಿನ ಗಿಳಿಯ ಮೇಲೆ ನಿಜವಾದ ಗಿಳಿ ಹಾರುವುದನ್ನು ನೋಡಬಹುದು. ಇದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಸೊಳ್ಳೆ ಎಣ್ಣೆ, ತುಂಬುತೋಳಿನ ಅಂಗಿ ಕಡ್ಡಾಯ. ಅಲ್ಲಿ ಡೆಂಗಿ ಇದೆ.

ಪ್ರಶ್ನೆ: ಬಿಸಿನೀರಿನ ಬುಗ್ಗೆಗೆ ಅಮ್ಮ ಇಳಿಯಬಹುದಾ?

ಉತ್ತರ: ಮೊದಲು ಅವರ ಡಾಕ್ಟರನ್ನು ಕೇಳಿ. ಒಪ್ಪಿದರೆ ಉಗುರುಬೆಚ್ಚಗಿನ ಕೊಳದಲ್ಲಿ ಹತ್ತು ನಿಮಿಷ ಸಾಕು. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆ ತಗೊಳ್ಳುವವರು ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಕೈ ಹಿಡಿದು ನಿಧಾನಕ್ಕೆ ಎಬ್ಬಿಸಿ, ನೀರು ಕುಡಿಸಿ. ಮಕ್ಕಳ ಮೈ ಇನ್ನೂ ಬೇಗ ಕಾಯುತ್ತದೆ, ಆಗಾಗ ಹೊರಗೆ ಕರೆಯಿರಿ, ತಲೆ ಮುಳುಗಿಸಲು ಬಿಡಬೇಡಿ, ಮೂಗಿಗೆ ನೀರು ಹೋಗಬಾರದು.

ಕೋಪಾನ್‌ನ ಉತ್ತರಕ್ಕೆ ಬೆಟ್ಟದ ರಸ್ತೆಯಲ್ಲಿ ಹೋದರೆ ಲೂನಾ ಹಗ್ವಾರ್ ಬುಗ್ಗೆ ಸಿಗುತ್ತದೆ. ಮೂಲದಲ್ಲಿ ನೀರು ಮುಟ್ಟಲಾಗದಷ್ಟು ಬಿಸಿ. ತಣ್ಣೀರು ಬೆರೆತ ಕೊಳಗಳಲ್ಲಷ್ಟೇ ಇಳಿಯಿರಿ. ಗ್ವಾಟೆಮಾಲದ ಸುನಿಲ್ ಊರಿನ ಮೇಲಿರುವ ಫುವೆಂತೆಸ್ ಜಾರ್ಜಿನಾಸ್ ಹೆಚ್ಚು ಹೆಸರುವಾಸಿ, ಜರೀಗಿಡ, ಮಂಜು ಎಲ್ಲ ಸೇರಿ ಬಲು ಸೊಗಸು, ಆದರೆ ನಿಮ್ಮ ದಾರಿಗೆ ತುಂಬಾ ದೂರ.

ಪ್ರಶ್ನೆ: ಮಾಯಾ ಜನ ಒಮ್ಮೆಲೇ ಮಾಯವಾದರಂತೆ, ನಿಜವಾ?

ಉತ್ತರ: ಇಲ್ಲ. ಟಿಕಾಲ್‌ನಲ್ಲಿ ತಾರೀಕು ಕೆತ್ತಿದ ಕೊನೆಯ ಕಲ್ಲು 869ರದ್ದು. ಬರ, ಯುದ್ಧ, ಅರಸರ ಮೇಲೆ ಹೋದ ನಂಬಿಕೆ ಎಲ್ಲ ಸೇರಿ ಆಮೇಲೆ ನಗರ ಖಾಲಿಯಾಯಿತು. ಜನ ಬೇರೆ ಕಡೆ ಹೋದರು, ಅಷ್ಟೇ. ಇವತ್ತು ಗ್ವಾಟೆಮಾಲದಲ್ಲಿ ಹತ್ತರಲ್ಲಿ ನಾಲ್ಕು ಮಂದಿ ಮಾಯಾ, ಅವರಾಡುವ ಮಾಯಾ ಭಾಷೆಗಳು 22. ನಿಮ್ಮ ಗೈಡ್, ರೊಟ್ಟಿ ತಟ್ಟುವ ಅಜ್ಜಿ ಆ ನಗರಗಳನ್ನು ಕಟ್ಟಿದವರ ವಂಶದವರೇ ಇರಬಹುದು. ಕೇಳದೆ ಫೋಟೊ ತೆಗೆಯಬೇಡಿ. ಗೈಡ್ ಬೇಕಾದರೆ ಅಲ್ಲಿಯವರನ್ನೇ ಹಿಡಿಯಿರಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಊಟ?

ಉತ್ತರ: ಜೋಳದ ರೊಟ್ಟಿಯವರಿಗೆ ಅಲ್ಲಿ ಕಷ್ಟವಿಲ್ಲ. ಮೆಕ್ಕೆಜೋಳದ ತೋರ್ತಿಯಾ, ಕಪ್ಪು ಹುರುಳಿಕಾಯಿ ಬೀಜದ ಪಲ್ಯ, ಅನ್ನ, ಬೆಣ್ಣೆಹಣ್ಣು, ಮೊಟ್ಟೆ ತಿನ್ನುವವರಿಗೆ ಅದೂ ಸಿಗುತ್ತದೆ. ಒಂದೇ ಎಚ್ಚರ: ಬೀಜದ ಪಲ್ಯಕ್ಕೆ ಹಂದಿ ಕೊಬ್ಬು ಹಾಕುವುದುಂಟು. ಅಲ್ಲಿನ ಸ್ಪ್ಯಾನಿಷ್‌ನಲ್ಲಿ 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ ಮಾತ್ರ, ಅದರ ಜೊತೆಗೆ 'ಸಿನ್ ಮಾಂತೆಕಾ' ಅಂತಲೂ ಹೇಳಿ. ಅಮ್ಮನಿಗೆ ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ.